ಕಿತ್ತುಬಿಡಿ ಎನ್ನುವವರ ಲೆಕ್ಕ

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ದಂತ ವೈದ್ಯೆ. ಕುರ್ಚಿಯಲ್ಲಿ ಕುಳಿತವರು ಬಾಯಿ ತೋರಿಸುವ ಮೊದಲೇ ಹೇಳುವುದು ಒಂದೇ ಮಾತು: 'ಕಿತ್ತುಬಿಡಿ ಮೇಡಂ.' ತಿಳಿವಳಿಕೆ ಇಲ್ಲದೆ ಹಾಗೆನ್ನುತ್ತಾರೆ ಎಂದು ಸಮ್ಮೇಳನಗಳಲ್ಲಿ ದೊಡ್ಡವರು ಮರುಗುತ್ತಾರೆ. ನನಗದು ಒಪ್ಪಿಗೆಯಿಲ್ಲ. ಈ ಜನ ಲೆಕ್ಕ ಹಾಕಿಯೇ ಬಂದಿರುತ್ತಾರೆ.

ಕೀಳಿಸಿದರೆ ಹೋಗುವುದು ಒಂದು ದಿನದ ಕೂಲಿ. ಹಲ್ಲು ಉಳಿಸಲು ಬೇರಿನೊಳಗಿನ ನಾಳವನ್ನು ಸ್ವಚ್ಛಮಾಡಿ ತುಂಬುವ ರೂಟ್ ಕೆನಾಲ್ ಎಂದರೆ ಎರಡು ಮೂರು ಸಲ ಬರಬೇಕು, ಆಮೇಲೆ ಹಲ್ಲಿನ ಮೇಲೆ ಕವಚದಂಥ ಕ್ಯಾಪ್. ಕ್ಯಾಪ್ ನಮ್ಮಲ್ಲಿಲ್ಲ, ಹೊರಗೆ ಹಣ ಕೊಟ್ಟು ಹಾಕಿಸಬೇಕು. ಅದಿಲ್ಲದಿದ್ದರೆ ಟೊಳ್ಳು ಮಾಡಿದ ದವಡೆ ಹಲ್ಲು ಒಂದು ದಿನ ಜೋಳದ ರೊಟ್ಟಿ ಕಚ್ಚುವಾಗ ಸೀಳುತ್ತದೆ. ಆದ್ದರಿಂದ ನಾನು ಮೊದಲು ಕೇಳುವುದು ನೋವು ಎಲ್ಲಿದೆ ಎಂದಲ್ಲ, ಬೆಂಗಳೂರಿನ ಬಸ್ಸು ಯಾವತ್ತು ಎಂದು. ಹಬ್ಬಕ್ಕೆ ಬಂದು ನಾಳೆಯೇ ಕಟ್ಟಡದ ಕೆಲಸಕ್ಕೆ ಮರಳುವವರಿಗೆ ನಾಳ ತೆರೆದು ಔಷಧಿಯಿಟ್ಟು ಕಳುಹಿಸಿದರೆ, ತಿಂಗಳೊಳಗೆ ಅಲ್ಲೆಲ್ಲೋ ಕೆನ್ನೆ ಬಾತು ಮಲಗುತ್ತಾರೆ. ಅಂಥವರ ಹಲ್ಲನ್ನು ಕೀಳುತ್ತೇನೆ. ಅದಕ್ಕೆ ನಾಚಿಕೆಯೇನಿಲ್ಲ.

ಗುಟ್ಕಾ ಬಾಯಿಗಳ ಕಥೆ ಬೇರೆ. ಆರೋಗ್ಯವಂತರ ಬಾಯೊಳಗೆ ಅವರದೇ ಮೂರು ಬೆರಳು ನೆಟ್ಟಗೆ ಹೋಗಬೇಕು. ಇಪ್ಪತ್ತೈದರ ಹುಡುಗರಿಗೆ ಒಂದೂವರೆ ಬೆರಳು ಹೋಗುವುದಿಲ್ಲ. ಒಳಗೆನ್ನೆ ಬಿಳಿಚಿಕೊಂಡಿರುತ್ತದೆ, ಸವರಿದರೆ ನಾರಿನ ಪಟ್ಟಿಗಳು ಕೈಗೆ ಹತ್ತುತ್ತವೆ. ಹಿಂದಿನ ದವಡೆ ಹಲ್ಲಿಗೆ, ನಾಳ ಸ್ವಚ್ಛಮಾಡುವ ಸೂಜಿಯಂಥ ಫೈಲ್ ಇಳಿಸಲು ಜಾಗವೇ ಇಲ್ಲ. ಉಳಿಸಬಹುದಾದ ಹಲ್ಲೂ ಅಲ್ಲಿ ಉಳಿಯುವುದಿಲ್ಲ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಅಂಗಡಿಯಲ್ಲಿ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಬೆರೆಸಿಕೊಳ್ಳುವ ಶ್ರಮ ಮಾತ್ರ ಗಿರಾಕಿಯದು.

ಹೊಟ್ಟೆ ಉರಿಯುವುದು ಮಕ್ಕಳ ವಿಷಯದಲ್ಲಿ. ಆರನೇ ವಯಸ್ಸಿಗೆ, ಒಂದು ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಏನೂ ಬೀಳದ್ದರಿಂದ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದರ ಮೇಲಿನ ಆಳವಾದ ಗೀರುಗಳಲ್ಲಿ ಬಿಸ್ಕತ್ತಿನ ಹಿಟ್ಟು ಕೂರುತ್ತದೆ. ಹತ್ತು ಹನ್ನೊಂದಕ್ಕೆ ನನ್ನ ಬಳಿ ಬರುವಾಗ ಉಳಿದಿರುವುದು ಬೇರು ಮಾತ್ರ. 'ಬಿದ್ದು ಮತ್ತೆ ಬರುತ್ತದಲ್ಲವೇ?' ಎಂಬ ಪ್ರಶ್ನೆಗೆ ಇಲ್ಲ ಎನ್ನುವುದು ಕೀಳುವುದಕ್ಕಿಂತ ಕಷ್ಟ.

ಹಾಗಾಗಿ ಈಗ ಒಂದನೇ, ಎರಡನೇ ತರಗತಿಯ ಮಕ್ಕಳನ್ನು ಹುಡುಕಿಕೊಂಡು ನಾನೇ ಶಾಲೆಗೆ ಹೋಗುತ್ತೇನೆ. ಡ್ರಿಲ್ ಬೇಡ, ಕರೆಂಟ್ ಬೇಡ. ಬೆಂಚಿನ ಮೇಲೆ ಮಲಗಿಸಿ, ಕೈ ಉಪಕರಣದಿಂದ ಮೆತ್ತಗಾದ ಹುಳುಕನ್ನು ಕೆರೆದು, ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬಿ, ವ್ಯಾಸಲಿನ್ ಸವರಿದ ಬೆರಳಿನಿಂದ ಒತ್ತಿ ಹಿಡಿಯುತ್ತೇನೆ. ಒಂದು ಗಂಟೆ ಏನೂ ತಿನ್ನಬೇಡ ಎಂದರೆ ಮಕ್ಕಳು ಒಪ್ಪುತ್ತಾರೆ, ಬಿಸಿಯೂಟದ ಗಂಟೆ ಒಪ್ಪುವುದಿಲ್ಲ. ಅಷ್ಟು ಸಮಯವೂ ಸಿಗದ ಕಡೆ ಸಿಲ್ವರ್ ಡೈಅಮೀನ್ ಫ್ಲೋರೈಡ್ ಹಚ್ಚುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಹುಳುಕು ನಿಲ್ಲುತ್ತದೆ, ಜಾಗ ಮಾತ್ರ ಕಪ್ಪಾಗುತ್ತದೆ. ಹೆಣ್ಣುಮಗುವಾದರೆ ತಾಯಂದಿರು ಜಗಳಕ್ಕೇ ಬರುತ್ತಾರೆ, ಆದ್ದರಿಂದ ಮೊದಲೇ ಕರೆಸಿ ಕಪ್ಪಾದ ಹಲ್ಲಿನ ಚಿತ್ರ ತೋರಿಸಿಬಿಡುತ್ತೇನೆ.

ದೊಡ್ಡವರಲ್ಲಿ ಇಕ್ಕಳ ಹಿಡಿಯುವ ಮುನ್ನ ಎದುರಿನ ಪಕ್ಕವನ್ನು ನೋಡುತ್ತೇನೆ. ಅಲ್ಲಿ ಮೇಲಿನ, ಕೆಳಗಿನ ದವಡೆ ಹಲ್ಲುಗಳು ಒಂದಕ್ಕೊಂದು ಕೂಡುತ್ತಿದ್ದರೆ ಅಗಿಯಲು ತೊಂದರೆಯಿಲ್ಲ, ಕೀಳಬಹುದು. ಆ ಪಕ್ಕ ಆಗಲೇ ಬರಿದಾಗಿದ್ದರೆ ಹಟ ಹಿಡಿಯುತ್ತೇನೆ. ಕೀವು ತುಂಬಿ ಮುಖ ಊದಿರದಿದ್ದರೆ ರೂಟ್ ಕೆನಾಲನ್ನು ಅದೇ ದಿನ ಮುಗಿಸಿ, ಮೇಲೆ ಸಿಮೆಂಟ್ ತುಂಬಿ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಕ್ಯಾಪ್ ಹಾಕಿಸಿಕೊಳ್ಳಿ ಎಂದು ಚೀಟಿ ಬರೆದುಕೊಡುತ್ತೇನೆ. ಕೆಲವರು ಹೋಗುತ್ತಾರೆ. ಉಳಿದವರು ಮುಂದಿನ ಹಬ್ಬಕ್ಕೆ ಬಂದಾಗ ಸಿಮೆಂಟ್ ಸವೆದಿದ್ದರೆ ಮತ್ತೆ ತುಂಬುತ್ತೇನೆ.