ಫ್ರೆಂಚ್ ಹೆಸರು ಇಡ್ತೀರಾ? ಮೊದಲು ಜೋರಾಗಿ ಕೂಗಿ ನೋಡಿ

ಆನ್ಯಾ, ಕಿಯಾರಾ, ಮೈರಾ ಎಲ್ಲ ಈಗ ಮೈಸೂರಿನ ಬೀದಿಗೊಬ್ಬರಂತೆ ಸಿಗುತ್ತಾರೆ. ಹಾಗಾಗಿ ಹೊಸದಾಗಿ ಅಪ್ಪ-ಅಮ್ಮ ಆಗುತ್ತಿರುವ ಕೆಲವರ ಕಣ್ಣು ಫ್ರೆಂಚ್ ಹೆಸರುಗಳ ಮೇಲೆ ಬಿದ್ದಿದೆ. ಎಲೀಸ್, ಅನಾಯಿಸ್, ಕ್ಲೋಯಿ, ರೆಮಿ. ಚಿಕ್ಕವು, ಕೇಳಲು ಮೆತ್ತಗೆ. ಮನೆಯಲ್ಲಿ ಯಾರೂ ಫ್ರಾನ್ಸ್ ಕಂಡವರಲ್ಲ, ಇಡಬಹುದಾ? ಧಾರಾಳವಾಗಿ ಇಡಬಹುದು. ಫ್ರೆಂಚರು ಈ ಸೀಮೆಗೆ ಪೂರ್ತಿ ಹೊಸಬರೂ ಅಲ್ಲ. ಇವತ್ತಿನ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು.

ತೊಂದರೆ ಇರುವುದು ಆಯುವ ರೀತಿಯಲ್ಲಿ. ಬಹಳ ಜನ ಫೋನಿನಲ್ಲಿ ಬರಹ ನೋಡಿ ಹೆಸರು ಮೆಚ್ಚಿಬಿಡುತ್ತಾರೆ. ಆ ಹೆಸರನ್ನು ದಿನಾ ಕೂಗುವವರು ಅಜ್ಜಿ, ಆಟೋದವರು, ಪಕ್ಕದ ಮನೆ ಹುಡುಗರು. ಅದಕ್ಕೇ ಕಿವಿಯಿಂದ ಶುರು ಮಾಡಿ.

ನಿಜವಾದ ಉಚ್ಚಾರ ತಿಳಿಯಿರಿ

ಫ್ರೆಂಚರು ಬರೆಯುವುದು ಜಾಸ್ತಿ, ಓದುವುದು ಕಮ್ಮಿ. ಪದದ ಕೊನೆಯ ವ್ಯಂಜನವನ್ನು ಬಹಳ ಸಲ ಬಿಟ್ಟೇ ಬಿಡುತ್ತಾರೆ. ಮಾರ್ಗೊ ಹೆಸರಿನ ಕೊನೆಗೆ ‘ಟಿ’ ಅಕ್ಷರ ಇದೆ, ಲೂಯಿ ಕೊನೆಗೆ ‘ಎಸ್’ ಇದೆ. ಬಾಯಲ್ಲಿ ಎರಡೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ಅಬ್ಬೆ ದುಬ್ವಾ ಹೆಸರಿನ ಚರ್ಚ್ ಇದೆಯಲ್ಲ, ಆ ಪಾದ್ರಿಯ ಹೆಸರನ್ನು ಇಂಗ್ಲಿಷ್ ಅಕ್ಷರ ಹಿಡಿದು ಓದಿದರೆ ‘ದುಬೋಯಿಸ್’ ಆಗುತ್ತದೆ. ಹಾಗಂತ ಇದು ಎಲ್ಲ ಕಡೆ ನಡೆಯುವ ನಿಯಮವಲ್ಲ. ಅನಾಯಿಸ್, ಇನೆಸ್ ಹೆಸರುಗಳಲ್ಲಿ ಕೊನೆಯ ‘ಸ್’ ಸರಿಯಾಗಿಯೇ ಕೇಳುತ್ತದೆ.

‘ಹ’ ಅಂತೂ ಅವರ ಬಾಯಲ್ಲಿ ಇಲ್ಲವೇ ಇಲ್ಲ. ಹೆಲೆನ್ ಅಂತ ನಾವು ಓದುವುದು ಅವರಿಗೆ ಎಲೆನ್. ಹಾಲನ್ನು ‘ಆಲು’, ಹೋಗು ಅನ್ನುವುದನ್ನು ‘ಓಗು’ ಅನ್ನುವ ಮಂಡ್ಯದವರಿಗೂ ಪ್ಯಾರಿಸ್‌ನವರಿಗೂ ಈ ಒಂದು ವಿಷಯದಲ್ಲಿ ಜಗಳವೇ ಇಲ್ಲ.

ಕಷ್ಟ ಇರುವುದು ಮೂಗಿನಲ್ಲಿ ಹೇಳುವ ಸ್ವರಗಳಲ್ಲಿ. ಮಾನೋಂ ಅನ್ನುವ ಹುಡುಗಿ ಹೆಸರಿನ ಕೊನೆ ಪೂರ್ತಿ ಮೂಗಿನಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಅದು ‘ಮನೋನ್’ ಆಗಿ, ಸ್ವಲ್ಪ ದಿನಕ್ಕೆ ಮೆನನ್ ಆಗಿಬಿಡುತ್ತದೆ. ಇಂಥವನ್ನು ಪಟ್ಟಿಯಿಂದ ತೆಗೆಯಿರಿ. ಉಳಿದವನ್ನು ಫ್ರೆಂಚ್ ಬಲ್ಲವರ ಬಾಯಲ್ಲಿ ಒಮ್ಮೆ ಕೇಳಿಸಿಕೊಳ್ಳಿ. ಪಿಯುಸಿಯಲ್ಲಿ ಫ್ರೆಂಚ್ ಕಲಿಸುವ ಮೇಷ್ಟ್ರು ಸಿಕ್ಕರೆ ಒಳ್ಳೆಯದು. ಯೋಗ ಕಲಿಯಲು ಮೈಸೂರಿನ ಗೋಕುಲಂ ಬಡಾವಣೆಗೆ ಬರುವ ವಿದೇಶಿಯರಲ್ಲಿ ಫ್ರೆಂಚರು ಇದ್ದರೆ ಅವರನ್ನೂ ಕೇಳಬಹುದು, ಖುಷಿಯಿಂದಲೇ ಹೇಳಿಕೊಡುತ್ತಾರೆ.

ಬೀದಿಯಲ್ಲಿ ಕೂಗಿ

ಇದೇ ಮುಖ್ಯ ಪರೀಕ್ಷೆ. ಮಹಡಿ ಮೇಲೆ ನಿಂತು, ಕೆಳಗೆ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುತ್ತಿದ್ದೀರಿ ಅಂದುಕೊಂಡು ಜೋರಾಗಿ ಕೂಗಿ.

ಅಮೇಲಿ ಎಷ್ಟು ಚಂದದ ಹೆಸರು ಅಲ್ವಾ? ‘ಅಮೇಲೀ, ಊಟಕ್ಕೆ ಬಾ’ ಅಂತ ಕೂಗಿ ನೋಡಿ. ಕೇಳಿದವರು ಯಾವುದರ ಆಮೇಲೆ ಅಂತ ಯೋಚಿಸುತ್ತಾರೆ. ಶಾಲೆಯಲ್ಲಿ ಆ ಹುಡುಗಿಗೆ ‘ಆಮೇಲೆ’ ಅನ್ನುವ ಅಡ್ಡಹೆಸರು ಗ್ಯಾರಂಟಿ. ಕೊಲೆಟ್ ಇನ್ನೂ ಕಷ್ಟ. ಅದರ ಮೊದಲ ಎರಡು ಅಕ್ಷರ ಕೇಳಿದರೆ ಪೊಲೀಸರು ಬರಬೇಕು. ಸೋಲೆನ್ ಅನ್ನುವ ಹೆಸರಿನಲ್ಲಿ ಸೋಲು ಕೂತಿದೆ, ಓಡೆಟ್‌ನಲ್ಲಿ ಓಡಾಟ. ಲೂಸಿ ಅಂದರೆ ಬೆಳಕಿಗೆ ಸಂಬಂಧಿಸಿದ ಒಳ್ಳೆಯ ಹೆಸರು, ಆದರೆ ನಮ್ಮ ಹುಡುಗರು ಅದನ್ನು ‘ಲೂಸು’ ಮಾಡಲು ಒಂದು ಬೆಳಗ್ಗೆ ಸಾಕು. ಮಾರ್ಗೊ ಅಂದರೆ ಬೇವಿನ ಸೋಪು ನೆನಪಾಗುತ್ತದೆ. ಇಸ್ಪೀಟ್ ಆಡುವ ಚಿಕ್ಕಪ್ಪ ಇದ್ದರೆ ರೆಮಿ ಹೋಗಿ ರಮ್ಮಿ ಆಗುತ್ತದೆ. ಮಗನಿಗೆ ಲೇಯೋ ಅಂತ ಇಡುವವರು ‘ಲೋ ಲೇಯೋ, ಬಾರೋ ಇಲ್ಲಿ’ ಅಂತ ಒಮ್ಮೆ ತಡವರಿಸದೆ ಹೇಳಿ ನೋಡಲಿ. ಬೆಲ್ ಅಂದರೆ ಅಲ್ಲಿ ಸುಂದರಿ. ಮಂಡ್ಯದಲ್ಲಿ ಅದು ಬೆಲ್ಲ ಆಗುತ್ತದೆ. ಅದೇನೂ ಕೆಟ್ಟದ್ದಲ್ಲ ಬಿಡಿ.

ಇನ್ನೊಂದು ವಿಷಯ ಗಮನಿಸಿ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ನಾವು ಒಂದು ‘ಉ’ ಸೇರಿಸುತ್ತೇವೆ. ಬಸ್ಸು, ಕಾರು, ಪೆನ್ನು ಇದ್ದ ಹಾಗೆ ಕ್ಲೇರು, ಎಲೀಸು. ಅದು ಇಷ್ಟವಾದರೆ ಸರಿ. ಇಲ್ಲದಿದ್ದರೆ ಹುಡುಗಿಗೆ ‘ಆ’ ಅಥವಾ ‘ಇ’ಯಲ್ಲಿ ಮುಗಿಯುವ ಹೆಸರು ಹುಡುಕಿ. ಸಿಲ್ವಿ, ನೊಯೆಮಿ ಇಲ್ಲಿ ಸುಲಭವಾಗಿ ನಡೆಯುತ್ತವೆ. ಮಾಯಾ, ನೀನಾ, ಲಿಲಾ ಹೆಸರಿನ ಹುಡುಗಿಯರು ಫ್ರಾನ್ಸ್‌ನಲ್ಲೂ ಇದ್ದಾರೆ. ನನ್ನನ್ನು ಕೇಳಿದರೆ ಇವೇ ಒಳ್ಳೆಯ ಆಯ್ಕೆ. ಎರಡೂ ಕಡೆ ಯಾರೂ ತಿದ್ದಲು ಬರುವುದಿಲ್ಲ.

ಹುಡುಗನದೋ, ಹುಡುಗಿಯದೋ?

ರೆಮಿ ನಮ್ಮ ಕಿವಿಗೆ ಹುಡುಗಿ ಹೆಸರು, ಅಲ್ಲಿ ಗಂಡು. ಕಮೀಯ್, ದೊಮಿನಿಕ್ ಇಬ್ಬರಿಗೂ ಇಡುತ್ತಾರೆ. ಗಂಡಿನ ರೆನೆ ಮತ್ತು ಹೆಣ್ಣಿನ ರೆನೆ ಕೇಳಲು ಒಂದೇ, ಹೆಣ್ಣಿನ ಹೆಸರಿಗೆ ಬರಹದಲ್ಲಿ ಒಂದು ‘ಇ’ ಅಕ್ಷರ ಹೆಚ್ಚು. ಮಿಶೆಲ್ ಕಥೆಯೂ ಹಾಗೇ.

ಅರ್ಥ ಮತ್ತು ಹಿನ್ನೆಲೆ

ಅರ್ಥ ಹುಡುಕುವುದು ಕಷ್ಟವಿಲ್ಲ. ಒರೋರ್ ಅಂದರೆ ನಮ್ಮ ಉಷಾ. ಎಸ್ತೆಲ್ ಅಂದರೆ ತಾರಾ. ಸಿಲ್ವಿ ಕಾಡಿನ ಹುಡುಗಿ. ಎಮೆ ಅಂದರೆ ಪ್ರೀತಿಯವಳು. ರೆನೆ ಅಂದರೆ ಮತ್ತೆ ಹುಟ್ಟಿದವನು. ತೀರಿಕೊಂಡ ಅಜ್ಜನೇ ಬಂದ ಅನ್ನುವ ಮನೆಗಳಿಗೆ ಇದು ಹೇಳಿ ಮಾಡಿಸಿದ ಹೆಸರು.

ಆದರೆ ಫ್ರೆಂಚ್ ಹೆಸರುಗಳಲ್ಲಿ ಬಹುಪಾಲು ಕ್ರೈಸ್ತ ಸಂತರದ್ದು. ಅದಕ್ಕೆ ಕಾನೂನಿನ ಕಾರಣವೂ ಇದೆ. 1803ರ ಕಾಯ್ದೆಯ ಪ್ರಕಾರ ಅಲ್ಲಿ ಕ್ಯಾಲೆಂಡರ್‌ಗಳಲ್ಲಿದ್ದ ಹೆಸರು (ಹೆಚ್ಚಾಗಿ ಆಯಾ ದಿನದ ಸಂತರದ್ದು) ಇಲ್ಲವೇ ಪ್ರಾಚೀನ ಇತಿಹಾಸದವರ ಹೆಸರನ್ನು ಮಾತ್ರ ಇಡಬೇಕಿತ್ತು. ಪೂರ್ತಿ ಬಿಡುವು ಸಿಕ್ಕಿದ್ದು 1993ರಲ್ಲಿ. ಈಗಲೂ ಮಗುವಿಗೆ ತೊಂದರೆ ಕೊಡುವ ಹೆಸರು ಅನಿಸಿದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. 2014ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿಗೆ ನುಟೆಲ್ಲಾ ಅಂತ ಇಟ್ಟಾಗ ನ್ಯಾಯಾಧೀಶರು ಅದನ್ನು ‘ಎಲ್ಲಾ’ ಎಂದು ಬದಲಿಸಿದರು. ನಮ್ಮ ಕಿವಿಗೆ ಅದೂ ಫಜೀತಿಯೇ. ‘ಎಲ್ಲಾ ಬಂದಳಾ’ ಅಂದರೆ ಯಾರು ಬಂದ ಹಾಗೆ?

ನತಾಲಿ, ನೊಯೆಲ್ ಎರಡಕ್ಕೂ ಕ್ರಿಸ್‌ಮಸ್ ನಂಟಿದೆ. ಇಂಥ ಹೆಸರಿಟ್ಟರೆ ‘ನೀವು ಕ್ರಿಶ್ಚಿಯನ್ನಾ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ಆದರೆ ಗಂಡ-ಹೆಂಡತಿ ಮೊದಲೇ ಮಾತಾಡಿಕೊಂಡಿರಿ. ನಾಳೆ ಮಗುವೇ ‘ಈ ಹೆಸರು ಯಾಕೆ’ ಅಂತ ಕೇಳಿದಾಗ ‘ಸುಮ್ನೆ, ಚೆನ್ನಾಗಿತ್ತು’ ಅಂದರೂ ಸಾಕು, ಅದು ನಿಜವಾಗಿದ್ದರೆ.

ಜೋಯಿಸರ ಅಕ್ಷರ

ನಕ್ಷತ್ರದ ಅಕ್ಷರ ಬೇಕು ಅಂತ ಹಿರಿಯರು ಹೇಳಿದರೆ ಜಗಳ ಬೇಡ, ಅದರಲ್ಲೇ ಹುಡುಕಿ. ಕೃತ್ತಿಕೆಗೆ ಅ, ಇ, ಉ, ಎ. ಅಲ್ಲಿಗೆ ಅನಾಯಿಸ್, ಇನೆಸ್, ಎಲೀಸ್ ಮೂರೂ ಸಿಕ್ಕವು. ಭರಣಿಗೆ ಲಿ, ಲು, ಲೆ, ಲೊ ಇರುವುದರಿಂದ ಲಿಲಾ, ಲೂಯಿ, ಲೇಯಾ ಸರಿಹೊಂದುತ್ತವೆ. ಅನುರಾಧಕ್ಕೆ ನ, ನಿ, ನು, ನೆ. ನೀನಾ ಇದೆ. ಪಾದ ಯಾವುದು ಅನ್ನುವುದನ್ನು ಜೋಯಿಸರನ್ನೇ ಕೇಳಿ. ಅಷ್ಟಕ್ಕೂ ಒಪ್ಪದಿದ್ದರೆ ನಮ್ಮಲ್ಲಿ ಹಳೆಯ ದಾರಿ ಇದ್ದೇ ಇದೆ. ತೊಟ್ಟಿಲಲ್ಲಿ ಕಿವಿಯಲ್ಲಿ ಹೇಳಲು ಮನೆದೇವರ ಹೆಸರು, ಕರೆಯಲು ಇನ್ನೊಂದು.

ಕೊನೆಗೆ ಕಾಗದ

ಹೆರಿಗೆ ಆಸ್ಪತ್ರೆಯಲ್ಲಾದರೆ ಜನನದ ಮಾಹಿತಿ ಕೊಡುವುದು ಆಸ್ಪತ್ರೆಯವರ ಕೆಲಸ. ಅದಕ್ಕೆ 21 ದಿನದ ಗಡುವಿದೆ. ಅಷ್ಟರಲ್ಲಿ ಹೆಸರು ಗೊತ್ತಾಗಿರಬೇಕು ಅಂತೇನಿಲ್ಲ. ಮೊದಲ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಅವಸರ ಬೇಡ. ಎರಡು-ಮೂರು ವಾರ ಮನೆಯಲ್ಲಿ ಆ ಹೆಸರಲ್ಲೇ ಕರೆದು ನೋಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ತಪ್ಪಾದರೆ ತಿದ್ದಿಸಲು ಅಲೆದಾಟ ಜಾಸ್ತಿ.

ಫ್ರೆಂಚರು ಅಕ್ಷರದ ಮೇಲೆ ಹಾಕುವ ಗೀಟು, ಚುಕ್ಕಿಗಳನ್ನು ಬಿಟ್ಟುಬಿಡಿ. ಪಾಸ್‌ಪೋರ್ಟ್‌ನಲ್ಲಿ ಯಂತ್ರ ಓದುವ ಸಾಲಿನಲ್ಲಿ ಎ ಯಿಂದ ಝಡ್ ವರೆಗಿನ ಸಾದಾ ಅಕ್ಷರಗಳಷ್ಟೇ ಇರುತ್ತವೆ. ಇನಿಶಿಯಲ್ ಮುಂದೆ ಬರಬೇಕೋ ಹಿಂದೆಯೋ, ಗೌಡ ಸೇರಬೇಕೋ ಬೇಡವೋ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಎಲಿಸ್, ಎಲೀಸ್, ಎಲೈಸ್ ಮೂರರಲ್ಲಿ ಯಾವುದು ಅನ್ನುವುದು ಕೌಂಟರ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಚೀಟಿಯಲ್ಲಿ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ದೊಡ್ಡದಾಗಿ ಬರೆದುಕೊಂಡು ಹೋಗಿ. ಪ್ರಿಂಟ್ ಕೊಡುವ ಮೊದಲು ಪರದೆಯ ಮೇಲೆ ನೀವೇ ಓದಿ ನೋಡಿ.