ಗೋಳಿಬಜೆ ಬಿಟ್ಟು ದಾಳಿಂಬೆ ಹಿಡಿದ ಕಥೆ

ಮೊದಲ ಸಲ ಬಿಪಿ 150/94 ಬಂದಾಗ ನನಗೆ 47 ವರ್ಷ. ಡಾಕ್ಟರ್ ಟೆಲ್ಮಿಸಾರ್ಟನ್ ಮಾತ್ರೆ ಶುರು ಮಾಡಿದರು, ಉಪ್ಪು ಕಮ್ಮಿ ಮಾಡಿ ಅಂದರು. ಉಡುಪಿಯವರಿಗೆ ಇದು ಸುಲಭದ ಮಾತಲ್ಲ. ಗಂಜಿ ಜೊತೆ ಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ಅದೆಂಥ ಗಂಜಿ? ಅದೇ ಹೊತ್ತಿಗೆ, ದಾಳಿಂಬೆ ತಿಂದರೆ ಹೃದಯದ ಬ್ಲಾಕ್ ಕರಗುತ್ತದೆ ಅಂತ ಮೊಬೈಲಿಗೆ ಒಂದು ಫಾರ್ವರ್ಡ್ ಬಂತು. ಉಪ್ಪಿನಕಾಯಿ ಬಿಡುವುದಕ್ಕಿಂತ ಇದು ಸುಲಭ ಅಲ್ವಾ!

ದಿನಾ ಕೆಲಸ ಮುಗಿಸಿ ಬರುವಾಗ ಜ್ಯೂಸ್ ಅಂಗಡಿಯಲ್ಲಿ ಒಂದು ದೊಡ್ಡ ಗ್ಲಾಸ್ ಕುಡಿದೆ. ಸಕ್ಕರೆ ಬೇಡ ಅಂತ ಹೇಳಲು ಮರೆತ ದಿನಗಳೇ ಜಾಸ್ತಿ. ಎರಡು ತಿಂಗಳಾದ ಮೇಲೆ ನೋಡಿದರೆ ಬಿಪಿ ಹೆಚ್ಚೇನೂ ಇಳಿದಿಲ್ಲ, ಬರಿಹೊಟ್ಟೆಯ ಶುಗರ್ ಮಾತ್ರ 98ರಿಂದ 112ಕ್ಕೆ ಏರಿದೆ. "ಎಂತ ಮಾರಾಯ್ರೆ, ಹಣ್ಣು ತಿನ್ನುವುದು ಬಿಟ್ಟು ಶರಬತ್ತು ಕುಡಿದಿರಲ್ಲ!" ಡಾಕ್ಟರ್ ಬೈದರು.

ಆಮೇಲೆ ಸ್ವಲ್ಪ ಓದಿದೆ. ದಾಳಿಂಬೆಯ ಪ್ಯುನಿಕಾಲಾಜಿನ್ ಅನ್ನುವ ಒಗರಿನ ಅಂಶ, ಕೆಂಪು ಬಣ್ಣ ಕೊಡುವ ಆಂಥೋಸಯನಿನ್, ಇವೆಲ್ಲ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಆಕ್ಸಿಡೈಸ್ ಆಗುವುದನ್ನು, ಅಂದರೆ ಆಮ್ಲಜನಕ ತಾಗಿ ಕೆಡುವುದನ್ನು, ತಡೆಯಬಹುದು ಅನ್ನುತ್ತಾರೆ. 2004ರಲ್ಲಿ ಇಸ್ರೇಲಿನಲ್ಲಿ ಕತ್ತಿನ ರಕ್ತನಾಳ ಕಿರಿದಾಗಿದ್ದ 10 ಜನರಿಗೆ ಒಂದು ವರ್ಷ ಜ್ಯೂಸ್ ಕೊಟ್ಟಾಗ ನಾಳದ ಗೋಡೆಯ ದಪ್ಪ ಶೇ. 30ರಷ್ಟು ಕಮ್ಮಿಯಾಗಿತ್ತಂತೆ. ಫಾರ್ವರ್ಡಿನ ಬೇರು ಇಲ್ಲೇ ಇರಬೇಕು. ಆದರೆ 2009ರಲ್ಲಿ 289 ಜನರನ್ನು 18 ತಿಂಗಳವರೆಗೆ ನೋಡಿದ ಅಧ್ಯಯನ ಬಂತು, ಒಟ್ಟಾರೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹತ್ತು ಜನರ ಸುದ್ದಿ ಊರೆಲ್ಲ ಸುತ್ತುತ್ತದೆ, 289 ಜನರದ್ದನ್ನು ಯಾರೂ ಕಳಿಸುವುದಿಲ್ಲ. ದಾಳಿಂಬೆಯಿಂದ ಬಿಪಿಯ ಮೇಲಿನ ಅಂಕಿ ನಾಲ್ಕೈದು ಪಾಯಿಂಟ್ ಇಳಿಯಬಹುದು, ಅಷ್ಟು ಸಿಕ್ಕಿದರೂ ಲಾಭವೇ.

ಜ್ಯೂಸ್ ಬಿಟ್ಟೆ. ಸಂಜೆ ಚಾ ಜೊತೆ ಗೋಳಿಬಜೆ ತಿನ್ನುತ್ತಿದ್ದ ಹೊತ್ತಿಗೆ ಈಗ ಒಂದು ದಾಳಿಂಬೆ, ಅರ್ಧ ನನಗೆ, ಅರ್ಧ ಹೆಂಡತಿಗೆ. ನಮ್ಮ ಕರಾವಳಿಯ ಮಳೆಗೆ ಇದು ಸರಿಯಾಗಿ ಆಗುವ ಬೆಳೆಯಲ್ಲ, ಎಲ್ಲಾ ಘಟ್ಟದ ಮೇಲಿನಿಂದ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗ ಕಡೆಯಿಂದ ಬರಬೇಕು. ಗುಂಡಗೆ ಹೊಳೆಯುವುದಕ್ಕಿಂತ ಬದಿ ಸ್ವಲ್ಪ ಚಪ್ಪಟೆಯಾಗಿ ಕೈಗೆ ಭಾರ ಬರುವುದನ್ನು ಆರಿಸುತ್ತೇನೆ. ಮೊದಮೊದಲು ಎರಡು ಹೋಳು ಮಾಡಿ ಸೌಟಿನಲ್ಲಿ ಬಡಿಯುತ್ತಿದ್ದೆ, ಅಡುಗೆಮನೆ ಗೋಡೆಯಲ್ಲಿ ಕಲೆ ಇನ್ನೂ ಇದೆ. ಈಗ ತೊಟ್ಟಿನ ಎದುರಿನ ಕಿರೀಟವನ್ನು ಮುಚ್ಚಳದ ಹಾಗೆ ಕೊಯ್ದು ತೆಗೆದು, ಒಳಗೆ ಕಾಣುವ ಬಿಳಿ ಗೋಡೆಗಳ ನೇರಕ್ಕೆ ಸಿಪ್ಪೆಗೆ ಮಾತ್ರ ಗೀರು ಹಾಕಿ ಕೈಯಲ್ಲೇ ಬಿಡಿಸುತ್ತೇನೆ, ಒಂದು ಕಾಳೂ ಒಡೆಯುವುದಿಲ್ಲ. ಬೀಜ ಅಗಿದೇ ತಿನ್ನಬೇಕು. 100 ಗ್ರಾಂ ಕಾಳಿನಲ್ಲಿ ಸುಮಾರು 4 ಗ್ರಾಂ ನಾರು ಇದೆ, ಸೋಸಿದರೆ ಅದು ಕಸದ ಬುಟ್ಟಿಗೆ.

ಆರು ತಿಂಗಳಿಗೆ ಬಿಪಿ 132/84. ಮಾತ್ರೆ ತಪ್ಪಿಸಿಲ್ಲ, ಬೆಳಿಗ್ಗೆ ನಡೆದೆ, ಉಪ್ಪಿನಕಾಯಿ ಭಾನುವಾರಕ್ಕೆ ಮಾತ್ರ. ಇದರಲ್ಲಿ ದಾಳಿಂಬೆಯ ಪಾಲೆಷ್ಟು ಅಂದರೆ, ಗೋಳಿಬಜೆಯ ಜಾಗ ತುಂಬಿತಲ್ಲ, ಅದೇ ದೊಡ್ಡದು. ಇನ್ನೊಂದು ವಿಷಯ, ನನ್ನ ಮಾತ್ರೆ ಪೊಟ್ಯಾಸಿಯಂ ಏರಿಸಬಹುದು, ಹಣ್ಣಿನಲ್ಲೂ ಅದಿದೆ. ಹಾಗಾಗಿ ಡಾಕ್ಟರ್ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಮೊದಲೇ ಕೇಳಿಕೊಳ್ಳಿ.

ಸಿಪ್ಪೆ ಬಿಸಾಡಲು ಅಮ್ಮ ಬಿಡುವುದಿಲ್ಲ. ಒಣಗಿಸಿಟ್ಟು, ಕಾಳುಮೆಣಸು, ಜೀರಿಗೆ, ತೆಂಗಿನತುರಿ ಹಾಕಿ ಕಡೆದು ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಾರೆ. ಉಪ್ಪು ಹಾಕುವಾಗ ಮಾತ್ರ ಒಮ್ಮೆ ನನ್ನ ಮುಖ ನೋಡುತ್ತಾರೆ.