ಸಣ್ಣ ರಿವಾಲ್ವರ್ ತೋಟಾಗೆ ಡೈ: ಸಂಖ್ಯೆ ನೋಡಿ ಕೊಳ್ಳಬೇಡಿ, ಅಳೆದು ಕೊಳ್ಳಿ

ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವ ಹವ್ಯಾಸಕ್ಕೆ ಇಳಿದವರು ಪ್ರೆಸ್ ಕೊಳ್ಳುವಾಗ ನಾಲ್ಕು ಜನರನ್ನು ಕೇಳುತ್ತಾರೆ, ತಕ್ಕಡಿ ಕೊಳ್ಳುವಾಗ ಹತ್ತು ಸಲ ಯೋಚಿಸುತ್ತಾರೆ. ಪ್ರೆಸ್ಸಿಗೆ ಹಾಕಿ ತೋಟಾವನ್ನು ಅಳತೆಗೆ ತರುವ ಅಚ್ಚಾದ ಡೈ ಮಾತ್ರ ಡಬ್ಬಿಯ ಮೇಲಿನ ಸಂಖ್ಯೆ ನೋಡಿ ತಂದುಬಿಡುತ್ತಾರೆ. ಡಬ್ಬಿಯಲ್ಲೂ .38, ರಿವಾಲ್ವರಿನಲ್ಲೂ .38, ಇನ್ನೇನು ಬೇಕು ಎಂಬ ಲೆಕ್ಕ. ಆಮೇಲೆ ಬುಡದ ಹತ್ತಿರ ಮೆಟ್ಟಿಲು ಬಿದ್ದ, ಬಾಯಿ ಸೀಳಿದ, ಗುಂಡು ವಾಲಿ ಕೂತ ತೋಟಾಗಳನ್ನು ಹಿಡಿದು ಬರುತ್ತಾರೆ. ಅಂಥವನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಮನೆಯಲ್ಲಿ ತೋಟಾ ತುಂಬುವುದಕ್ಕೆ ಕೆಲವು ದೇಶಗಳಲ್ಲಿ ಅಡ್ಡಿಯಿಲ್ಲ, ಕೆಲವೆಡೆ ಪರವಾನಗಿ ಬೇಕು, ಇನ್ನು ಕೆಲವೆಡೆ ಅದು ಅಪರಾಧ. ನೀವಿರುವಲ್ಲಿನ ಕಾನೂನು ಒಪ್ಪಿದರಷ್ಟೇ ಮುಂದಿನದು ನಿಮಗೆ.

ಮೊದಲ ಹೆಜ್ಜೆ: ಅಳತೆ

ಡಿಜಿಟಲ್ ಕ್ಯಾಲಿಪರ್ ತೆಗೆದುಕೊಂಡು ಖಾಲಿ ತೋಟಾದ, ಅಂದರೆ ಹಿತ್ತಾಳೆಯ ಕೇಸಿನ ಉದ್ದ, ಬುಡದ ವ್ಯಾಸ ಎರಡನ್ನೂ ಬರೆದಿಟ್ಟುಕೊಳ್ಳಿ. .38 ಎಂಬ ಸಂಖ್ಯೆ ಒಂದಕ್ಕಿಂತ ಹೆಚ್ಚು ತೋಟಾಗಳಿಗೆ ಅಂಟಿಕೊಂಡಿದೆ. .38 ಸ್ಪೆಷಲ್‌ನ ಕೇಸ್ ವ್ಯಾಸ .379 ಇಂಚು, ಅದರ ಸೀಸದ ಗುಂಡು .358. ಹಳೆಯ .38 ಸ್ಮಿತ್ ಅಂಡ್ ವೆಸನ್‌ನ ಕೇಸ್ ಸುಮಾರು .386, ಗುಂಡು .361. ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಸ್ಪೆಷಲ್‌ನ ಡೈಗೆ ಹಳೆಯ ಕೇಸನ್ನು ಒತ್ತಿದರೆ ಹಿತ್ತಾಳೆ ಅನಗತ್ಯವಾಗಿ ಕುಗ್ಗುತ್ತದೆ, ಡೈ ತಲುಪದ ಬುಡದಲ್ಲಿ ಮೆಟ್ಟಿಲು ಉಳಿಯುತ್ತದೆ, ನಾಲ್ಕಾರು ಸಲ ತುಂಬುವಷ್ಟರಲ್ಲಿ ಬಾಯಿ ಬಿರಿಯುತ್ತದೆ. ಎರಡರ ಬುಡದ ಅಂಚು ಮಾತ್ರ .440 ಇಂಚೇ ಆದ್ದರಿಂದ ಪ್ರೆಸ್ಸಿನಲ್ಲಿ ಆ ಅಂಚನ್ನು ಹಿಡಿಯುವ ಶೆಲ್ ಹೋಲ್ಡರ್ ಒಂದೇ ಸಾಕಾಗುತ್ತದೆ. ಹೋಲ್ಡರಿಗೆ ಹಿಡಿಸಿತು ಎಂಬುದನ್ನೇ ನಂಬಿ ಡೈಯೂ ಸರಿಯಿದೆ ಎಂದುಕೊಳ್ಳುವವರು ಬಹಳ. ಎನ್‌ಫೀಲ್ಡ್ ನಂಬರ್ 2, ವೆಬ್ಲಿ ಮಾರ್ಕ್ 4 ರಿವಾಲ್ವರುಗಳ .380 ತೋಟಾಗೂ .38 ಸ್ಮಿತ್ ಅಂಡ್ ವೆಸನ್ ಡೈಯೇ ಆಗುತ್ತದೆ.

.32ರ ಕುಟುಂಬದಲ್ಲಿ ಹೊಂದಾಣಿಕೆ ಹೆಚ್ಚು. .32 ಸ್ಮಿತ್ ಅಂಡ್ ವೆಸನ್, 1896ರ .32 ಲಾಂಗ್, 1984ರ .32 ಎಚ್ ಅಂಡ್ ಆರ್ ಮ್ಯಾಗ್ನಮ್, ಆಮೇಲೆ ಬಂದ .327 ಫೆಡರಲ್ ಈ ನಾಲ್ಕರದ್ದೂ .337 ಇಂಚಿನ ಕೇಸ್. ಬೇರೆಯಾಗುವುದು ಉದ್ದವೊಂದೇ. .32 ಕೋಲ್ಟ್ ಈ ಕುಟುಂಬದ್ದಲ್ಲ, ಅದರ ಕೇಸ್ .318. .32-20ಯೂ ಅಲ್ಲ, ಅದರ ಕುತ್ತಿಗೆ ಕಿರಿದು.

ಎರಡನೆಯ ಹೆಜ್ಜೆ: ಆಯ್ಕೆ

ಒಂದೇ ವ್ಯಾಸದ ಎರಡು ಮೂರು ತೋಟಾಗಳಿಗೆ ಒಂದೇ ಸೆಟ್ ಸಾಕೆನ್ನುವವರು ಚಿಕ್ಕ ತೋಟಾದ ಡೈ ಕೊಳ್ಳಿ. ಇದರಲ್ಲಿ ಚೌಕಾಸಿ ಬೇಡ. ಗಿಡ್ಡ ಕೇಸಿನ ಡೈಯನ್ನು ಉದ್ದ ಕೇಸಿಗೆ ಹೊಂದಿಸಲು ಡೈಯ ಲಾಕ್ ನಟ್ಟಿನಡಿ ಒಂದು ಉಂಗುರ ಹಾಕಿ ಮೇಲೆತ್ತಿದರಾಯಿತು. .38 ಸ್ಪೆಷಲ್‌ನಿಂದ .357 ಮ್ಯಾಗ್ನಮ್‌ಗೆ 3.4 ಮಿ.ಮೀ. ದಪ್ಪದ ಉಂಗುರ, .32 ಲಾಂಗ್‌ನಿಂದ ಎಚ್ ಅಂಡ್ ಆರ್ ಮ್ಯಾಗ್ನಮ್‌ಗೆ ಸುಮಾರು 3.9 ಮಿ.ಮೀ. ದಪ್ಪದ್ದು ಬೇಕು. ಉದ್ದ ಕೇಸಿನ ಡೈಯನ್ನು ಗಿಡ್ಡ ಕೇಸಿಗೆ ಒಗ್ಗಿಸಬೇಕಾದರೆ ಕಬ್ಬಿಣ ಕತ್ತರಿಸಲೇಬೇಕು.

ಗುಂಡು ಹಾರಿಸಿದಾಗ ಹಿಗ್ಗಿದ ಕೇಸನ್ನು ಮತ್ತೆ ಅಳತೆಗೆ ಕುಗ್ಗಿಸುವ ಸೈಸಿಂಗ್ ಡೈಯ ಬಾಯಲ್ಲಿ ಕಾರ್ಬೈಡ್ ಎಂಬ ಗಟ್ಟಿ ವಸ್ತುವಿನ ಉಂಗುರವೇ ಇರಲಿ. ಬರೀ ಉಕ್ಕಿನದಾದರೆ ಪ್ರತಿ ಕೇಸಿಗೂ ಎಣ್ಣೆ ಸವರಿ, ಆಮೇಲೆ ಅಷ್ಟನ್ನೂ ಒರೆಸಬೇಕು. ಬೆಲೆ ಕಡಿಮೆಯೆಂದು ಉಕ್ಕಿನ ಡೈ ತಂದವರು ಒಣ ಕೇಸನ್ನೇ ಒತ್ತಿ ಸಿಕ್ಕಿಸಿಕೊಂಡು, ಅಂಚು ಕಿತ್ತು ಬಂದ ಮೇಲೆ ಡ್ರಿಲ್ ಹುಡುಕುತ್ತಾರೆ. ಒಳಗೆ ರಬ್ಬರ್ ಉಂಗುರವಿರುವ ಲಾಕ್ ನಟ್ ನನಗೆ ಒಪ್ಪಿಗೆಯಿಲ್ಲ. ಪಕ್ಕದ ಸ್ಕ್ರೂ ಬಿಗಿದು ಹಿಡಿಯುವ ನಟ್ ಹಾಕಿಸಿಕೊಳ್ಳಿ, ಕೂರಿಸಿದ ಅಳತೆ ಜರುಗುವುದಿಲ್ಲ.

ಮೂರನೆಯ ಹೆಜ್ಜೆ: ಸೈಸಿಂಗ್

ಕಾರ್ಬೈಡ್ ಉಂಗುರ ಗಟ್ಟಿ, ಆದರೆ ಪೆಡಸು. ಶೆಲ್ ಹೋಲ್ಡರ್ ಅದಕ್ಕೆ ಬಡಿಯದಂತೆ ನಡುವೆ ಕಾಗದ ತೂರುವಷ್ಟು ಜಾಗ ಬಿಡಿ. ಇಲ್ಲಿ ಇಷ್ಟೇ.

ನಾಲ್ಕನೆಯ ಹೆಜ್ಜೆ: ಅಗಲಿಸುವ ಪ್ಲಗ್

ಕೆಲಸ ಕೆಡುವುದು ಇಲ್ಲಿ. ಗುರಿ ತಪ್ಪಿದರೆ ಮದ್ದನ್ನು ದೂರುತ್ತಾರೆ, ಬ್ಯಾರೆಲ್ ತುಂಬ ಸೀಸ ಮೆತ್ತಿಕೊಂಡರೆ ಗುಂಡನ್ನು ದೂರುತ್ತಾರೆ. ಪ್ಲಗ್ಗಿನ ಕಡೆ ಯಾರೂ ನೋಡುವುದಿಲ್ಲ. ಸೈಸಿಂಗ್ ಆದ ಕೇಸಿನ ಒಳಗನ್ನು ಗುಂಡು ಹಿಡಿಸುವಷ್ಟು ಅಗಲಿಸಿ, ಬಾಯನ್ನು ತುಸು ಅರಳಿಸುವುದು ಈ ಪ್ಲಗ್. ಪ್ಲಗ್ ಸಣ್ಣದಾದರೆ ಕೇಸೇ ಗುಂಡನ್ನು ಹಿಂಡುತ್ತದೆ. ಮೆತ್ತನೆಯ ಸೀಸ ಹಿತ್ತಾಳೆಯ ಎದುರು ಸೋಲುತ್ತದೆ. .361ರ ಗುಂಡು ಹಾಕಿದ್ದೇವೆಂದು ನಾವಂದುಕೊಂಡಿರುತ್ತೇವೆ, ಬ್ಯಾರೆಲ್ಲಿಗೆ ಹೋಗುವುದು .358ರದ್ದು.

ಪರೀಕ್ಷೆ ಸುಲಭ. ಮದ್ದು, ಅದಕ್ಕೆ ಕಿಡಿ ಹಚ್ಚುವ ಪ್ರೈಮರ್ ಎರಡೂ ಇಲ್ಲದ ಕೇಸಿಗೆ ಸೈಸಿಂಗ್ ಮಾಡಿ, ಅಗಲಿಸಿ, ಗುಂಡು ಕೂರಿಸಿ. ಗುಂಡು ಕೀಳುವ ಸುತ್ತಿಗೆಯಲ್ಲಿ ಅದನ್ನು ಹೊರತೆಗೆದು ಬುಡವನ್ನು ಅಳೆಯಿರಿ. ಹಾಕುವಾಗ 9.17 ಮಿ.ಮೀ. ಇದ್ದದ್ದು ತೆಗೆದಾಗ 9.10 ಆಗಿದ್ದರೆ ಪ್ಲಗ್ ಚಿಕ್ಕದು. ಬುಡದ ಮೇಲೆ ಹೊಳೆಯುವ ಪಟ್ಟಿ ಮೂಡಿದ್ದರೂ ಅದೇ ಅರ್ಥ.

ಸೀಸದ ಗುಂಡಿಗೆ ಪ್ಲಗ್ಗಿನ ವ್ಯಾಸ ಗುಂಡಿನದಕ್ಕಿಂತ ಸುಮಾರು 0.05 ಮಿ.ಮೀ. ಕಡಿಮೆ ಇರಬೇಕು. ಅಂಥದ್ದು ಸಿಗದಿದ್ದರೆ ಲೇಥ್ ಇರುವವರ ಬಳಿ ಮಾಡಿಸಿ. ಚಿಕ್ಕ ಕೆಲಸ. ಮೊದಲು ತುಸು ದಪ್ಪವಾಗಿಯೇ ಉಳಿಸಿಕೊಂಡು ನಯವಾದ ಎಮರಿ ಕಾಗದದಲ್ಲಿ ಉಜ್ಜುತ್ತ ಅಳತೆಗೆ ತನ್ನಿ. ಮೇಲ್ಮೈ ಕನ್ನಡಿಯಂತೆ ಹೊಳೆಯಬೇಕು, ಇಲ್ಲದಿದ್ದರೆ ಹಿತ್ತಾಳೆಯನ್ನು ಕಚ್ಚುತ್ತದೆ. ಹಿಂಭಾಗ ಟೊಳ್ಳಾದ, ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡು ಕೇಸಿನೊಳಗೆ ಆಳಕ್ಕಿಳಿಯುತ್ತದೆ, ಅದರ ಗೋಡೆಯೂ ತೆಳು. ಅದಕ್ಕೆ ಉದ್ದನೆಯ ಪ್ಲಗ್ಗೇ ಬೇಕು. ಬಾಯನ್ನು ಮಾತ್ರ ಗುಂಡಿನ ಬುಡ ಕೈಯಲ್ಲಿಟ್ಟರೆ ನಿಲ್ಲುವಷ್ಟೇ ಅರಳಿಸಿ. ಇನ್ನಷ್ಟು ಅರಳಿಸಿದರೆ ಕೇಸಿನ ಆಯುಸ್ಸು ಕಡಿಮೆ.

ಐದನೆಯ ಹೆಜ್ಜೆ: ಕೂರಿಸುವುದು, ಮಡಿಸುವುದು

ಒಂದೇ ಏಟಿಗೆ ಗುಂಡು ಕೂರಿಸಿ, ಕೇಸಿನ ಬಾಯಿ ಮಡಿಸಿ ಗುಂಡನ್ನು ಹಿಡಿಸುವ ಕ್ರಿಂಪನ್ನೂ ಮುಗಿಸುವ ಅಡ್ಡದಾರಿ ಗಿಡ್ಡ ತೋಟಾಗಳಿಗೆ ಬೇಡ. ಗುಂಡು ಇನ್ನೂ ಕೆಳಗಿಳಿಯುತ್ತಿರುವಾಗಲೇ ಬಾಯಿ ಮಡಿಸಿಕೊಂಡರೆ ಸೀಸ ಕೆರೆದು ಬರುತ್ತದೆ, ತೆಳು ಕೇಸು ಉಬ್ಬುತ್ತದೆ. ಡೈಯನ್ನು ಮೇಲೆತ್ತಿ ಎಲ್ಲ ಗುಂಡುಗಳನ್ನೂ ಕೂರಿಸಿ, ಆಮೇಲೆ ಕೂರಿಸುವ ಕಡ್ಡಿಯನ್ನು ಹಿಂದಕ್ಕೆ ತಿರುಗಿಸಿ ಡೈ ಇಳಿಸಿ ಮಡಿಸಿ. ಡೈಯ ತಿರುಪಿನ ಎಳೆ ಇಂಚಿಗೆ 14 ಸುತ್ತು, ಅಂದರೆ ಒಂದು ಪೂರ್ತಿ ಸುತ್ತಿಗೆ 1.8 ಮಿ.ಮೀ. ಇಳಿಯುತ್ತದೆ. ಕ್ರಿಂಪ್ ಹೊಂದಿಸುವಾಗ ಒಮ್ಮೆಗೆ ಅರೆಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಒಟ್ಟು ಉದ್ದ ಪ್ರಕಟಿತ ಕೈಪಿಡಿಯಲ್ಲಿ ಇರುವಷ್ಟೇ ಇರಬೇಕು. ಈ ಕೇಸುಗಳೊಳಗೆ ಜಾಗ ಬಹಳ ಕಡಿಮೆ. ಗುಂಡು ಒಂದು ಮಿಲಿಮೀಟರ್ ಹೆಚ್ಚು ಆಳಕ್ಕೆ ಹೋದರೂ ಒತ್ತಡ ಜಿಗಿಯುತ್ತದೆ. ಮಡಚುವ ಚೌಕಟ್ಟಿನ ಹಳೆಯ ರಿವಾಲ್ವರುಗಳು ಅದನ್ನು ತಡೆಯುವಂತೆ ಹುಟ್ಟಿದವಲ್ಲ. ಡೈ ಹೊಂದುತ್ತದೆಂದು ಮ್ಯಾಗ್ನಮ್‌ನ ಮದ್ದಿನ ಅಳತೆಯನ್ನು .32 ಲಾಂಗ್‌ಗೆ ತರುವ ಯೋಚನೆಯೇ ಬೇಡ.

ಕಡ್ಡಿಯ ತುದಿ ಗುಂಡಿನ ಮೂತಿಗೆ ಹೊಂದದಿದ್ದರೆ ಗುಂಡು ವಾಲುತ್ತದೆ. ಚಪ್ಪಟೆ ಮೂತಿಗೆ ಚಪ್ಪಟೆ ತುದಿ ಬೇಕು. ಉರುಟು ಮೂತಿಗೆ ಹೊಂದಿಸುವ ಒಳ್ಳೆಯ ಉಪಾಯವಿದೆ: ಕಡ್ಡಿಯ ಕುಳಿಯಲ್ಲಿ ಸ್ವಲ್ಪ ಎಪಾಕ್ಸಿ ತುಂಬಿ, ಗುಂಡಿನ ಮೂತಿಗೆ ಮೇಣ ಹಚ್ಚಿ ಡೈಯೊಳಗೆ ಹಗುರಾಗಿ ಒತ್ತಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ನಿಮ್ಮ ಗುಂಡಿನ ಅಚ್ಚು ಸಿದ್ಧ.

ಡೈ ಕತ್ತರಿಸಲೇಬೇಕಾದರೆ

.32 ಲಾಂಗ್ ಡೈಯಲ್ಲಿ .32 ಸ್ಮಿತ್ ಅಂಡ್ ವೆಸನ್ ತುಂಬಲು ಹೋದಾಗ ಡೈ ಶೆಲ್ ಹೋಲ್ಡರಿಗೆ ತಾಗಿ ನಿಂತರೂ ಕ್ರಿಂಪ್ ಮಾಡುವ ಅಂಚು ಕೇಸಿನ ಬಾಯಿಗೆ ಮುಟ್ಟುವುದಿಲ್ಲ. ಕೇಸುಗಳ ಉದ್ದದಲ್ಲಿ ಸುಮಾರು 8 ಮಿ.ಮೀ. ಅಂತರವಿದೆ. ಅಷ್ಟು ಕತ್ತರಿಸುವ ಬದಲು .32 ಎಸಿಪಿ ಪಿಸ್ತೂಲಿನ ಡೈಯಿಂದ ಶುರುಮಾಡಿ. ಆ ಕೇಸಿನ ವ್ಯಾಸವೂ ಅದೇ, ಉದ್ದದ ಅಂತರ 2 ಮಿ.ಮೀ. ಒಳಗೆ. ಎಸಿಪಿಯ ಶೆಲ್ ಹೋಲ್ಡರ್ ಮಾತ್ರ ನಡೆಯದು, ರಿವಾಲ್ವರ್ ತೋಟಾದ ಅಂಚು ಅಗಲ.

ಕತ್ತರಿಸುವುದು ಕೂರಿಸುವ ಡೈಯನ್ನು ಮಾತ್ರ. ಕಾರ್ಬೈಡ್ ಸೈಸಿಂಗ್ ಡೈಯನ್ನು ಮುಟ್ಟಬೇಡಿ. ಕೂರಿಸುವ ಡೈಯ ಉಕ್ಕು ಹದಗೊಳಿಸಿದ್ದರಿಂದ ಅರ ಹಿಡಿಯುವುದಿಲ್ಲ. ಲೇಥ್‌ನಲ್ಲಿ ಕಾರ್ಬೈಡ್ ಟೂಲ್ ಹಾಕಿ, ಕೆಳತುದಿಯಿಂದ ಒಮ್ಮೆಗೆ ಅರ್ಧ ಮಿಲಿಮೀಟರ್ ತೆಗೆದು, ಪ್ರತಿ ಸಲವೂ ಖಾಲಿ ತೋಟಾ ಹಾಕಿ ನೋಡುತ್ತ ಹೋಗಿ. ತುದಿ ನೇರವಾಗಿರಬೇಕು. ಕೈಯಲ್ಲಿ ಹಿಡಿದು ಗ್ರೈಂಡರಿಗೆ ಕೊಟ್ಟ ಡೈ ಓರೆಯಾಗಿಯೇ ಬರುತ್ತದೆ. ಮುಗಿದ ಮೇಲೆ ಒಳಬಾಯಿಯ ಚೂಪನ್ನು ಸವೆಸಿ ಹೊಳಪು ಕೊಡಿ, ಇಲ್ಲವಾದರೆ ಪ್ರತಿ ಕೇಸಿನ ಮೇಲೂ ಗೀರು ಬೀಳುತ್ತದೆ.

ಸೆಟ್ ಸಿದ್ಧವಾದ ಮೇಲೆ ಮದ್ದಿಗೆ ಕೈ ಹಾಕುವ ಮುಂಚೆ, ಮದ್ದು ಮತ್ತು ಪ್ರೈಮರ್ ಇಲ್ಲದ ಆರು ಡಮ್ಮಿ ತೋಟಾ ಮಾಡಿ ಸಿಲಿಂಡರಿನ ಎಲ್ಲ ಕೋಣೆಗಳಿಗೂ ಹಾಕಿ. ತಮ್ಮ ಭಾರಕ್ಕೇ ಇಳಿಯಬೇಕು. ಸಿಲಿಂಡರ್ ಮುಚ್ಚಿ ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲಿಯಾದರೂ ತಡೆದರೆ ಆ ತೋಟಾ ತೆಗೆದು ಕ್ರಿಂಪ್ ಇರುವ ಜಾಗವನ್ನು ಅಳೆಯಿರಿ. ಉಬ್ಬು ಅಲ್ಲಿದ್ದರೆ ಕ್ರಿಂಪ್ ಡೈಯನ್ನು ಅರೆಕಾಲು ಸುತ್ತು ಮೇಲೆತ್ತಿ.